ಬಿಚ್ಚಿ ನೋಡಿದವರ ಹೊಣೆ

ಗ್ಯಾರೇಜುಗಳಲ್ಲಿ ಒಂದು ಪದ್ಧತಿಯಿದೆ. ಗಾಡಿಯಲ್ಲಿ ಏನಾದರೂ ಬದಲಿಸಿದರೆ, ತೆಗೆದ ಹಳೆಯ ಪಾರ್ಟನ್ನು ಮೆಕ್ಯಾನಿಕ್ ಅಲ್ಲೇ ಎಸೆಯುವುದಿಲ್ಲ. ಹೊಸ ಪಾರ್ಟ್ ಬಂದ ಡಬ್ಬಿಯೊಳಗೇ ಅದನ್ನು ಹಾಕಿ, ಬಿಲ್ಲಿನ ಜೊತೆ ಗಿರಾಕಿಯ ಕೈಗಿಡುತ್ತಾನೆ. “ನೋಡಿ ಸಾರ್, ಎಷ್ಟು ಸವೆದೋಗಿದೆ” ಅನ್ನುತ್ತಾನೆ. ಅದು ಏನು, ಎಲ್ಲಿರುತ್ತದೆ, ಎಷ್ಟು ಸವೆದರೆ ಹೆಚ್ಚು ಎಂಬುದು ಗಿರಾಕಿಗೆ ಗೊತ್ತಿರುವುದು ಅಪರೂಪ. ಆದರೂ ಒಮ್ಮೆ ತಿರುಗಿಸಿ ನೋಡಿ, ತಲೆಯಾಡಿಸಿ, ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತಾನೆ. ಕಾಡುಗೋಡಿಯ ಗ್ಯಾರೇಜುಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮೂರಿನಲ್ಲೂ ಹೀಗೇ ನಡೆಯುತ್ತಿರಬಹುದು.

ಮೆಕ್ಯಾನಿಕ್ ಯಾಕೆ ಹೀಗೆ ಮಾಡುತ್ತಾನೆ? ಬರೀ ತನ್ನ ಮಾತು ಸಾಲದು ಎಂದು ಅವನಿಗೆ ಗೊತ್ತು. ಬಾನೆಟ್ಟಿನ ಕೆಳಗೆ ನಡೆದದ್ದನ್ನು ಗಿರಾಕಿ ನೋಡಿಲ್ಲ, ನೋಡಿದರೂ ಅರ್ಥವಾಗುವುದಿಲ್ಲ. ಒಬ್ಬ ನೋಡಿದವನು, ಇನ್ನೊಬ್ಬ ನೋಡದವನು. ಇಬ್ಬರ ನಡುವೆ ದುಡ್ಡು ಕೈ ಬದಲಾಯಿಸಬೇಕು. ಇಂಥಲ್ಲಿ ಒಂದು ಹಳೆಯ ನೈತಿಕ ಪ್ರಶ್ನೆ ಹುಟ್ಟುತ್ತದೆ. ಮುಚ್ಚಿದ್ದನ್ನು ಬಿಚ್ಚಿ ನೋಡಿದವರು, ನೋಡಲಾಗದವರಿಗೆ ಎಷ್ಟು ಹೇಳಬೇಕು? ಕೇಳಿದರೆ ಮಾತ್ರವೇ, ಕೇಳದಿದ್ದರೂ ಹೇಳಬೇಕೆ?

ನನ್ನ ಸಂಶೋಧನೆಯ ವಿಷಯ ಶಬ್ದಪ್ರಮಾಣ, ಅಂದರೆ ಇನ್ನೊಬ್ಬರ ಮಾತಿನಿಂದ ನಮಗೆ ತಿಳಿವಳಿಕೆ ಬರುವ ಬಗೆ. ನಾಲ್ಕು ವರ್ಷದಿಂದ ಅದರ ಮೇಲೆ ಟಿಪ್ಪಣಿ ಮಾಡುತ್ತಿದ್ದೇನೆ. ಆದರೆ ಈ ಪ್ರಶ್ನೆ ನಮ್ಮ ಮನೆಯೊಳಗೆ ಬಂದದ್ದು ಸೋದರಮಾವನ ಕಾರಿನ ಗೇರ್‌ಬಾಕ್ಸ್‌ನಿಂದ.

ಮಾವ ಮಹದೇವಪುರದ ಕಡೆಯ ಒಂದು ಕಾರ್ಖಾನೆಯಲ್ಲಿ 26 ವರ್ಷ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕಾಡುಗೋಡಿಯಲ್ಲಿ ಬಾಡಿಗೆ ಮನೆ. ಎಂಟು ವರ್ಷದ ಹಿಂದೆ ಒಂದು ಸಣ್ಣ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದರು. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ಕಾಡುಗೋಡಿಯವರೆಗೆ ಮೆಟ್ರೊ ಓಡತೊಡಗಿತು. ಅದೇ ಅಕ್ಟೋಬರಿನಲ್ಲಿ ನಡುವಿನ ತುಂಡೂ ಕೂಡಿಕೊಂಡು ಮೆಜೆಸ್ಟಿಕ್‌ವರೆಗೆ ಒಂದೇ ರೈಲಿನಲ್ಲಿ ಹೋಗುವಂತಾಯಿತು. ಅಲ್ಲಿಂದ ಕಾರು ಹೊರಗೆ ಹೋಗುವುದೇ ಕಡಿಮೆಯಾಯಿತು. ಹೋದ ವರ್ಷ ಅತ್ತೆಯ ಮಂಡಿ ಆಪರೇಷನ್ ಮಾತು ಬಂದಾಗ, ಮಾರಿಬಿಡೋಣ ಎಂದು ಮಾವ ತೀರ್ಮಾನಿಸಿದರು. ಅಷ್ಟರಲ್ಲಿ ಎರಡನೇ ಗೇರು ಕೈ ಕೊಡಲು ಶುರುವಾಗಿತ್ತು. ಹಾಕಿದಾಗಲೆಲ್ಲ ಕರಕರ ಸದ್ದು. ಒಮ್ಮೊಮ್ಮೆ ಬಿದ್ದ ಗೇರು ತಾನಾಗಿಯೇ ಹೊರಗೆ ಜಿಗಿಯುತ್ತಿತ್ತು.

ಗ್ಯಾರೇಜಿನಲ್ಲಿ ಕೇಳಿದ್ದಕ್ಕೆ, “ಗೇರ್‌ಬಾಕ್ಸ್ ಇಳಿಸ್ಬೇಕು, ಇಳಿಸಿದ ಮೇಲೇನೇ ಹೇಳೋಕಾಗೋದು. 28 ಸಾವಿರ ಇಟ್ಕೊಂಡಿರಿ” ಅಂದರು. ಮಾವನಿಗೆ ಆ ದುಡ್ಡೂ ಹೆಚ್ಚೆನಿಸಿತು, ಬೇರೆಯವರ ಕೈಲಿ ಮಾಡಿಸುವುದೂ ಇಷ್ಟವಾಗಲಿಲ್ಲ. ಮನೆ ಮುಂದಿನ ಪಾರ್ಕಿಂಗ್ ಜಾಗದಲ್ಲೇ ಇಳಿಸುವುದೆಂದಾಯಿತು. ಸ್ಪ್ಯಾನರ್ ಎತ್ತಿಕೊಡಲು, ಫೋಟೊ ತೆಗೆಯಲು, ಬೋಲ್ಟುಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಹೆಸರು ಬರೆಯಲು ನಾನು.

ಗೇರ್‌ಬಾಕ್ಸ್‌ನೊಳಗೆ ನಡೆಯುವುದನ್ನು ಸ್ವಲ್ಪ ಹೇಳಬೇಕು, ಮುಂದಿನ ಮಾತಿಗೆ ಅದು ಬೇಕಾಗುತ್ತದೆ. ಗೇರು ಬದಲಿಸುವಾಗ, ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳ ಹಲ್ಲುಗಳು ಒಂದರೊಳಗೊಂದು ಕೂರಬೇಕು. ಹಾಗೇ ನೂಕಿದರೆ ಹಲ್ಲಿಗೆ ಹಲ್ಲು ಬಡಿಯುತ್ತದೆ. ಅದನ್ನು ತಪ್ಪಿಸಲು ನಡುವೆ ಹಿತ್ತಾಳೆಯ ಒಂದು ಉಂಗುರವಿರುತ್ತದೆ. ಸಿಂಕ್ರೊನೈಸರ್ ರಿಂಗ್ ಎಂದು ಅದರ ಹೆಸರು. ಅದರ ಒಳಮೈಯಲ್ಲಿ ಕೂದಲೆಳೆಯಂಥ ಗೆರೆಗಳಿರುತ್ತವೆ. ಅದು ಮೊದಲು ಗೇರಿನ ಮೊನಚು ಭಾಗವನ್ನು ಅಪ್ಪಿ ಹಿಡಿದು, ಗೆರೆಗಳಿಂದ ಎಣ್ಣೆಯ ಪದರವನ್ನು ಕತ್ತರಿಸಿ, ಉಜ್ಜಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ಆಮೇಲಷ್ಟೇ ಹಲ್ಲುಗಳಿಗೆ ದಾರಿ ಬಿಡುತ್ತದೆ. ಪ್ರತಿ ಸಲ ಹೀಗೆ ಮಾಡುವಾಗಲೂ ತಾನು ಒಂದಿಷ್ಟು ಸವೆಯುತ್ತದೆ. ಹೋಪ್ ಫಾರ್ಮ್ ಸರ್ಕಲ್ಲಿನ ಸಂಜೆಯ ಟ್ರಾಫಿಕ್ಕಿನಲ್ಲಿ ಗಾಡಿ ಓಡಿಸಿದವರಿಗೆ ಎರಡನೇ ಗೇರಿನ ಉಂಗುರವೇ ಮೊದಲು ಯಾಕೆ ಸವೆಯುತ್ತದೆಂದು ವಿವರಿಸಬೇಕಿಲ್ಲ. ಅಲ್ಲಿ ಮೂರನೆಯದಕ್ಕೆ ಹೋಗುವ ಅವಕಾಶವೇ ಇರುವುದಿಲ್ಲ. ಒಂದು, ಎರಡು, ಮತ್ತೆ ಒಂದು, ಮತ್ತೆ ಎರಡು.

ಕೆಲಸಕ್ಕೆ ಮೂರು ಭಾನುವಾರ ಹಿಡಿಯಿತು. ಮೊದಲು ಆಯಿಲ್ ಇಳಿಸಿದೆವು. ಕಪ್ಪು ಎಣ್ಣೆಯಲ್ಲಿ ಬಿಸಿಲು ಬಿದ್ದಾಗ ಬಂಗಾರದ ಪುಡಿ ಕದಡಿದಂತೆ ಮಿನುಗಿತು. ಅದು ಸವೆದ ಹಿತ್ತಾಳೆ. ಎಂಜಿನ್ನಿಗೆ ಮರದ ದಿಮ್ಮಿ ಮತ್ತು ಜಾಕ್ ಆನಿಸಿ, ಎರಡೂ ಡ್ರೈವ್ ಶಾಫ್ಟ್ ಎಳೆದು, ಕ್ಲಚ್ ಕೇಬಲ್, ಸ್ಟಾರ್ಟರ್ ಮೋಟಾರ್ ಬಿಚ್ಚಿದ ಮೇಲೆ, ಪಕ್ಕದ ಮನೆಯ ಕ್ಯಾಬ್ ಡ್ರೈವರ್ ಬಂದು ಕೈಕೊಟ್ಟರು. ಗೇರ್‌ಬಾಕ್ಸ್ ಕೆಳಗಿಳಿಯಿತು. ಹಳೆಯ ರಿಂಗನ್ನು ಗೇರಿನ ಮೇಲೆ ಒತ್ತಿ ಹಿಡಿದರೆ ನಡುವೆ ಫೀಲರ್ ಗೇಜಿನ ತೆಳು ಪಟ್ಟಿಯೂ ತೂರಲಿಲ್ಲ. ಒಳಮೈಯ ಗೆರೆಗಳು ಅಳಿಸಿಹೋಗಿ ಕನ್ನಡಿಯಂತಾಗಿದ್ದವು. ಹೊಸ ರಿಂಗುಗಳು, ಸೀಲು, ಆಯಿಲ್ ಎಲ್ಲ ಜೆ.ಸಿ. ರಸ್ತೆಯಿಂದ ತಂದದ್ದು. ಪುಲ್ಲರ್ ಮಾತ್ರ ಬೆಳತೂರಿನ ಲೇತ್ ಅಂಗಡಿಯಿಂದ ಎರವಲು. ಒಟ್ಟು ಖರ್ಚು ಏಳು ಸಾವಿರದೊಳಗೆ.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಗೇರುಗಳನ್ನು ಒಂದೊಂದಾಗಿ ಸೀಮೆಎಣ್ಣೆಯಲ್ಲಿ ತೊಳೆದು ಹಳೆ ಸೀರೆಯ ಮೇಲೆ ಸಾಲಾಗಿ ಇಡುತ್ತಿದ್ದಾಗ ಮಾವ ಮೂರನೇ ಗೇರನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. ಉಗುರಿನಿಂದ ಸವರಿದರು. ಎರಡು ಹಲ್ಲುಗಳ ಮೈಮೇಲೆ ಸಾಸಿವೆ ಕಾಳಿನ ಅರ್ಧದಷ್ಟಿನ ಗುಳಿಗಳು. ಉಕ್ಕಿನ ಮೈ ದಣಿದಾಗ ಹೀಗೆ ಚಕ್ಕೆ ಏಳುತ್ತದಂತೆ. ಹಾಗೇ ವರ್ಷಗಟ್ಟಲೆ ಓಡಲೂಬಹುದು, ಗುಳಿ ದೊಡ್ಡದಾಗುತ್ತಾ ಹೋಗಿ ಹಲ್ಲೇ ಮುರಿಯಲೂಬಹುದು. ಓಡಿಸುವಾಗ ಅದು ಯಾವ ಸದ್ದನ್ನೂ ಮಾಡಿರಲಿಲ್ಲ. ಜೊತೆಗೂಡುವ ಗೇರಿನ ಸಮೇತ ಬದಲಿಸಬೇಕು, ಅದಕ್ಕೆ ಇನ್ನೂ 14 ಸಾವಿರ. ಮಾರುವ ಕಾರಿಗೆ ಅಷ್ಟು ಹಾಕುವ ಸ್ಥಿತಿಯಲ್ಲಿ ಮಾವ ಇರಲಿಲ್ಲ. ಅದನ್ನು ಒರೆಸಿ ಹಾಗೇ ಜೋಡಿಸಿದರು.

ಕಾರಿನ ವ್ಯಾಪಾರ ಕುದುರಿಸುವ ಬ್ರೋಕರ್ ಒಬ್ಬರು ನೋಡಲು ಬಂದರು. ಮಾವ ಎಲ್ಲ ಹೇಳಿದರು. ಅವರು ನಕ್ಕು, “ಅಣ್ಣಾ, ಸೆಕೆಂಡ್ ಗೇರ್ ಸರಿ ಮಾಡಿದೀರಲ್ಲ, ಅದನ್ನ ಹೇಳಿ. ಥರ್ಡ್ ವಿಷ್ಯ ಯಾಕೆ ಎತ್ತೋದು? ಅದಿನ್ನೂ ಸೌಂಡೇ ಮಾಡ್ತಿಲ್ಲ. ಸ್ವಲ್ಪ ಗಟ್ಟಿ ಆಯಿಲ್ ಹಾಕ್ಬಿಡಿ, ಉಸಿರೆತ್ತಲ್ಲ” ಅಂದರು. ಸುಮ್ಮನಿದ್ದರೆ 1,40,000 ಬರುತ್ತದೆ, ಹೇಳಿದರೆ ಇಪ್ಪತ್ತು ಸಾವಿರ ಕಮ್ಮಿ ಎಂಬುದು ಅವರ ಲೆಕ್ಕ. ಅವರು ಕೆಟ್ಟವರೇನಲ್ಲ. ದಿನಾ ನಡೆಯುವುದನ್ನು ಹೇಳಿದರು, ಅಷ್ಟೆ.

ಆ ಮಾತಿನಲ್ಲಿ ಎರಡು ಸಲಹೆಗಳಿದ್ದವು, ಎರಡನ್ನೂ ಬಿಡಿಸಿ ನೋಡಬೇಕು. ಗಟ್ಟಿ ಆಯಿಲ್ ಹಾಕುವುದು ಒಂದು. ಅದು ದೋಷವನ್ನು ಗುಣಪಡಿಸುವುದಿಲ್ಲ, ದೋಷದ ಬಾಯಿಗೆ ಬಟ್ಟೆ ತುರುಕುತ್ತದೆ. ಹಳೆಯ ಕಾಲದಲ್ಲಿ ಗೇರ್‌ಬಾಕ್ಸ್‌ಗೆ ಮರದ ಹೊಟ್ಟು ಸುರಿದು ಸದ್ದು ಅಡಗಿಸುತ್ತಿದ್ದರೆಂಬ ಕುಖ್ಯಾತ ಉಪಾಯದ ಜಾತಿಗೇ ಸೇರಿದ್ದು. ಕೊಳ್ಳುವವನ ಕಿವಿಗೆ ಸುಳ್ಳು ಕೇಳಿಸುವುದೇ ಅದರ ಉದ್ದೇಶ. ಅದರ ಬಗ್ಗೆ ಹೆಚ್ಚು ಚರ್ಚೆ ಬೇಡ. ಮಾವನೂ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಕಷ್ಟವಿರುವುದು ಇನ್ನೊಂದರಲ್ಲಿ. ಏನೂ ಮಾಡಬೇಡಿ, ಸುಳ್ಳೂ ಹೇಳಬೇಡಿ, ಸುಮ್ಮನಿರಿ ಎಂಬುದರಲ್ಲಿ.

ನಮ್ಮ ಕಾನೂನು ಮೌನದ ಪರವಾಗಿ ಸಾಕಷ್ಟು ಉದಾರವಾಗಿದೆ. 1872ರ ಭಾರತೀಯ ಕರಾರು ಕಾಯಿದೆಯ 17ನೇ ಸೆಕ್ಷನ್ ವಂಚನೆ ಎಂದರೇನೆಂದು ಹೇಳುತ್ತದೆ. ಬರೀ ಸುಮ್ಮನಿರುವುದು ವಂಚನೆಯಲ್ಲ, ಮಾತಾಡುವ ಕರ್ತವ್ಯವಿದ್ದಾಗ ಅಥವಾ ಮೌನವೇ ಮಾತಿಗೆ ಸಮನಾದಾಗ ಮಾತ್ರ ವಂಚನೆ ಎಂಬುದು ಅದರ ತಿರುಳು. ಅಲ್ಲಿ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಕುದುರೆ ಬರುತ್ತದೆ. ಕುದುರೆಗೆ ರೋಗವಿದೆಯೆಂದು ಗೊತ್ತಿದ್ದೂ ಒಬ್ಬ ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಏನೂ ಹೇಳುವುದಿಲ್ಲ. ಅದು ವಂಚನೆಯಲ್ಲ. ಕೊಳ್ಳುವವಳು ಅವನ ಮಗಳೇ ಆಗಿದ್ದು, ಈಗತಾನೆ ವಯಸ್ಕಳಾಗಿದ್ದರೆ? ಆಗ ಹೇಳುವುದು ಅವನ ಕರ್ತವ್ಯ. ಕೊಳ್ಳುವವನು, ನೀವು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದೇ ತಿಳಿಯುತ್ತೇನೆ ಎಂದಾಗ ಮಾರುವವನು ಸುಮ್ಮನಿದ್ದರೆ? ಆಗ ಆ ಮೌನ ಮಾತಿಗೆ ಸಮ.

ಇದನ್ನು ಮಾವನಿಗೆ ಓದಿ ಹೇಳಿದೆ. ಅವರು ಕೈ ಒರೆಸಿಕೊಳ್ಳುತ್ತಾ, “ನೋಡಮ್ಮ, ನೀನೇ ಕೊಂಡ್ಕೋತೀನಿ ಅಂದಿದ್ರೆ ಹೇಳ್ತಿದ್ನೋ ಇಲ್ವೋ?” ಅಂದರು.

“ಹೇಳ್ತಿದ್ರಿ ಮಾವ.”

“ಮತ್ತೆ ಬರೋನೂ ಯಾರಿಗೋ ಮಗನೇ ಅಲ್ವಾ?”

ಇದು ಒಳ್ಳೆಯ ಮಾತು. ಆದರೆ ಇದರಿಂದ ನನಗೆ ಪೂರ್ತಿ ಸಮಾಧಾನವಾಗಲಿಲ್ಲ. ಎಲ್ಲರನ್ನೂ ಮಗಳಂತೆ ಕಾಣು ಎಂದರೆ ವ್ಯಾಪಾರವೇ ಇರುವುದಿಲ್ಲ. ಮಗಳಿಗಾದರೆ ಸುಮ್ಮನೆ ಕೊಟ್ಟುಬಿಡುತ್ತಾರೆ. ಮಗಳಿಗೆ ಇರುವ ಎಲ್ಲ ಹಕ್ಕೂ ಅಪರಿಚಿತನಿಗಿಲ್ಲ ಎನ್ನುವಲ್ಲಿ ಕಾಯಿದೆ ಸರಿಯಾಗಿಯೇ ಇದೆ. ಹಾಗಾದರೆ ಅಪರಿಚಿತನಿಗೆ ಇರುವ ಹಕ್ಕು ಯಾವುದು?

ಈ ಜಗಳ ಬಹಳ ಹಳೆಯದು. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ತನ್ನ ಮಗನಿಗಾಗಿ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರ ಮೂರನೆಯ ಭಾಗದಲ್ಲಿ ಒಂದು ಮನೆ ಮಾರಾಟಕ್ಕಿದೆ. ನೋಡಲು ಚೆನ್ನಾಗಿದೆ. ಆದರೆ ಮರಮುಟ್ಟು ಕೆಟ್ಟಿದೆ, ಕೋಣೆಗಳಲ್ಲಿ ಹಾವು ಸೇರಿಕೊಳ್ಳುತ್ತವೆ. ಗೊತ್ತಿರುವುದು ಮಾಲೀಕನೊಬ್ಬನಿಗೇ. ಹೇಳಬೇಕೆ? ಇಬ್ಬರು ಸ್ಟೋಯಿಕ್ ಚಿಂತಕರನ್ನು ಸಿಸೆರೊ ಎದುರುಬದುರು ಕೂರಿಸುತ್ತಾನೆ. ಬ್ಯಾಬಿಲೋನಿನ ಡಯೋಜಿನಿಸ್ ಗುರು, ಟಾರ್ಸಸ್ಸಿನ ಆಂಟಿಪೇಟರ್ ಶಿಷ್ಯ. ಹೇಳಬೇಕು, ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತ ಇದು ಕೆಟ್ಟದ್ದು ಎಂಬುದು ಶಿಷ್ಯನ ವಾದ. ಯಾರೂ ನಿನ್ನನ್ನು ಕೊಳ್ಳೆಂದು ಬಲವಂತ ಮಾಡಿಲ್ಲ, ಮಾರುವವನು ತನ್ನ ಸರಕಿನ ಕೊರತೆಗಳನ್ನು ಡಂಗುರ ಹೊಡೆಯಬೇಕೆಂದರೆ ನಗೆಪಾಟಲಾಗುತ್ತದೆ, ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ ಎಂಬುದು ಗುರುವಿನ ವಾದ. ಸಿಸೆರೊ ಕೊನೆಗೆ ಶಿಷ್ಯನ ಪಕ್ಷ ಹಿಡಿಯುತ್ತಾನೆ.

ನನಗೆ ಗುರುವಿನ ಮಾತಿನಲ್ಲೂ ಹುರುಳಿದೆ ಅನಿಸುತ್ತದೆ. ಎಲ್ಲವನ್ನೂ ಹೇಳಬೇಕೆಂದರೆ ಎಲ್ಲಿಗೆ ನಿಲ್ಲಿಸುವುದು? ಹಿಂದಿನ ಸೀಟಿನ ಹರಕಲು, ಬಲಗಡೆ ಬಾಗಿಲಿನ ಗೀರು, ಟೈರಿನ ವಯಸ್ಸು, ಮಳೆಗಾಲದಲ್ಲಿ ಬರುವ ಮುಗ್ಗಲು ವಾಸನೆ? ಇವನ್ನೆಲ್ಲ ಮಾವ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿತ್ತೆಂದು ನನಗನಿಸುವುದೂ ಇಲ್ಲ. ಕೊಳ್ಳಲು ಬಂದವರಿಗೂ ಕಣ್ಣು, ಮೂಗು, ಕೈಗಳಿವೆ. ಸುತ್ತು ಬಂದು ನೋಡಬಹುದು, ಓಡಿಸಬಹುದು, ತಮ್ಮ ಕಡೆಯ ಮೆಕ್ಯಾನಿಕ್ಕನ್ನು ಕರೆತರಬಹುದು. ಅದೇ ಕರಾರು ಕಾಯಿದೆಯ 19ನೇ ಸೆಕ್ಷನ್ನೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮೌನದ ವಂಚನೆ ನಡೆದಿದ್ದರೂ, ಸಾಮಾನ್ಯ ಎಚ್ಚರದಿಂದ ಸತ್ಯ ತಿಳಿದುಕೊಳ್ಳುವ ದಾರಿ ಕೊಳ್ಳುವವನಿಗೆ ಇದ್ದಿದ್ದರೆ, ಆ ಕಾರಣಕ್ಕೆ ಅವನು ಕರಾರು ಮುರಿಯಲಾಗದು.

ಕುದುರೆಗೂ ಕಾರಿಗೂ ವ್ಯತ್ಯಾಸವಿರುವುದು ಇಲ್ಲೇ. ಕುದುರೆಯ ಒಳಗನ್ನು ಮಾರುವವನೂ ಬಿಚ್ಚಿ ನೋಡಿರುವುದಿಲ್ಲ. ಅದರ ಹಲ್ಲು, ಗೊರಸು, ನಡಿಗೆ, ಉಸಿರು ಇಬ್ಬರ ಕಣ್ಣಿಗೂ ಬೀಳುತ್ತವೆ. ಜೊತೆಯಲ್ಲಿದ್ದು ತಿಳಿದದ್ದು ಒಬ್ಬನಿಗೆ ಹೆಚ್ಚಿರಬಹುದು, ಆದರೆ ನೋಡುವ ದಾರಿ ಇಬ್ಬರಿಗೂ ಒಂದೇ. ಗೇರ್‌ಬಾಕ್ಸ್ ಹಾಗಲ್ಲ. ಅದನ್ನು ನೋಡಬೇಕಾದರೆ ಎಂಜಿನ್ನಿಗೆ ಜಾಕ್ ಆನಿಸಿ ಇಳಿಸಬೇಕು. ಕೊಳ್ಳುವ ಮೊದಲು ಯಾರೂ ಯಾರಿಗೂ ಅದಕ್ಕೆ ಅವಕಾಶ ಕೊಡುವುದಿಲ್ಲ. ಮೂರನೇ ಗೇರಿನ ಗುಳಿಗಳನ್ನು ಟೆಸ್ಟ್ ಡ್ರೈವಿನಲ್ಲಿ ಕಿವಿಗೊಟ್ಟು ಕೇಳಿದರೂ ತಿಳಿಯುವುದಿಲ್ಲ, ಅವು ಇನ್ನೂ ಸದ್ದು ಮಾಡುತ್ತಿಲ್ಲ. ಸಾಮಾನ್ಯ ಎಚ್ಚರ ಎಷ್ಟಿದ್ದರೂ ಅಲ್ಲಿಗೆ ತಲುಪದು. ಹಾಗಾಗಿ ಕೊಳ್ಳುವವರು ತಮ್ಮ ಕಣ್ಣಿನಿಂದ ನೋಡಬಹುದಾದದ್ದನ್ನು ನಾವು ಹೇಳದಿದ್ದರೆ ಪರವಾಗಿಲ್ಲ, ಬಿಚ್ಚಿದವರಿಗೆ ಮಾತ್ರ ಕಂಡದ್ದನ್ನು ಬಿಚ್ಚಿದವರೇ ಹೇಳಬೇಕು ಎಂಬ ಗಡಿಯನ್ನು ನಾನು ಒಪ್ಪುತ್ತೇನೆ. ಡಯೋಜಿನಿಸ್ ಕೇಳಿದ ‘ಎಲ್ಲಿಗೆ ನಿಲ್ಲಿಸುವುದು’ ಎಂಬ ಪ್ರಶ್ನೆಗೆ ಇದರಲ್ಲಿ ಉತ್ತರವಿದೆ.

ಇದರಿಂದ ಒಂದು ವಿಚಿತ್ರ ಪರಿಣಾಮ ಹೊರಡುತ್ತದೆ. ಮಾವ ಗ್ಯಾರೇಜಿಗೇ ಬಿಟ್ಟಿದ್ದರೆ ಅವರಿಗೆ ಮೂರನೇ ಗೇರಿನ ವಿಷಯ ತಿಳಿಯುವ ಸಂಭವವೇ ಕಡಿಮೆಯಿತ್ತು. ಎರಡನೆಯದರ ಸದ್ದು ನಿಂತಿದೆ ಎನ್ನುವಷ್ಟೇ ತಿಳಿದು, ಅಷ್ಟನ್ನೇ ಹೇಳಿ, ತಣ್ಣಗೆ ಪೂರ್ತಿ ಬೆಲೆಗೆ ಮಾರಬಹುದಿತ್ತು. ಮನೆಯಲ್ಲೇ ರಿಪೇರಿ ಮಾಡಿ 21 ಸಾವಿರ ಉಳಿಸಿದರು. ಅದೇ ಕೆಲಸ ಅವರಿಗೆ ಹೇಳುವ ಹೊಣೆಯನ್ನೂ ತಂದಿತು. ಹೆಚ್ಚು ತಿಳಿದವನಿಗೆ ಹೆಚ್ಚು ಹೊಣೆ ಎಂಬುದಾದರೆ ಜಾಣರು ತಿಳಿದುಕೊಳ್ಳುವುದನ್ನೇ ಬಿಟ್ಟುಬಿಡುವುದಿಲ್ಲವೇ? ವಾಸ್ತವದಲ್ಲಿ ಹಾಗೇ ನಡೆಯುತ್ತದೆ. ಮಾರುವ ಗಾಡಿಯನ್ನು ಯಾಕೆ ಬಿಚ್ಚಿಸಬೇಕು, ಹಾಗೇ ದಾಟಿಸಿಬಿಡಿ ಎಂಬುದು ಚಾಲ್ತಿಯಲ್ಲಿರುವ ಸಲಹೆ. ಅಜ್ಞಾನವೂ ಒಂದು ಸರಕು, ಬಿಚ್ಚದೆ ಇಟ್ಟುಕೊಂಡರೆ ಲಾಭ ಕೊಡುತ್ತದೆ.

ಇದಕ್ಕೆ ನನ್ನ ಉತ್ತರ ಇಷ್ಟು. ಗೊತ್ತಿಲ್ಲದಿರುವುದು ಬೇರೆ, ಗೊತ್ತಾಗದಂತೆ ನೋಡಿಕೊಳ್ಳುವುದು ಬೇರೆ. ಎರಡನೆಯದಕ್ಕೆ ಮೊದಲೇ ಅರ್ಧ ಗೊತ್ತಿರಬೇಕಾಗುತ್ತದೆ. ಎಲ್ಲಿ ನೋಡಬಾರದು ಎಂದು ತಿಳಿಯಲು ಅಲ್ಲಿ ಏನೋ ಇದೆ ಎಂಬ ಗುಮಾನಿ ಬೇಕು. ಆ ಗುಮಾನಿಯನ್ನು ಕೊಳ್ಳುವವರಿಂದ ಬಚ್ಚಿಡುವುದೂ ಕಂಡದ್ದನ್ನು ಬಚ್ಚಿಡುವುದೂ ಬಹಳ ದೂರದ ಸಂಬಂಧಿಗಳೇನಲ್ಲ. ಇನ್ನೊಂದು ಮಾತನ್ನೂ ಸೇರಿಸಬೇಕು. ಹೇಳುವ ಹೊಣೆಯೆಂದರೆ ಸರಿಪಡಿಸುವ ಹೊಣೆಯಲ್ಲ. 14 ಸಾವಿರ ಇಲ್ಲದವರು ಮೂರನೇ ಗೇರನ್ನು ಬದಲಿಸಲೇಬೇಕೆಂದು ಯಾವ ನೀತಿಯೂ ಕೇಳುವುದಿಲ್ಲ. ಹಲ್ಲಿನ ಮೇಲೆ ಗುಳಿಯಿರುವ ಕಾರನ್ನು ಮಾರುವುದರಲ್ಲಿ ತಪ್ಪಿಲ್ಲ, ಗುಳಿಯಿಲ್ಲದ ಕಾರಿನ ಬೆಲೆಗೆ ಮಾರುವುದರಲ್ಲಿ ತಪ್ಪಿದೆ.

ಹಾಗಾದರೆ ಹೇಳಿಬಿಟ್ಟರೆ ಮುಗಿಯಿತೇ? ಮೊದಲ ಗಿರಾಕಿ ಬಂದಾಗ ನನಗೆ ತಿಳಿದದ್ದೆಂದರೆ ಅಲ್ಲಿಗೆ ಮುಗಿಯುವುದಿಲ್ಲ ಎಂಬುದು. ಐಟಿಪಿಎಲ್ ಕಡೆ ಕೆಲಸ ಮಾಡುವ ಹುಡುಗ, ಕಾರು ಕಲಿಯಲು ಹಳೆಯದೊಂದು ಬೇಕಾಗಿತ್ತು. ಓಡಿಸಿ ನೋಡಿ ಖುಷಿಯಾಗಿದ್ದ. ಮಾವ ಮೂರನೇ ಗೇರಿನ ವಿಷಯ ಹೇಳಿದರು. ಅವನ ಮುಖ ಬದಲಾಯಿತು. ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಹೋದ. ಸಂಜೆ ಬ್ರೋಕರ್ ಫೋನ್ ಮಾಡಿದರು. “ತಾವಾಗೇ ಇಷ್ಟು ಹೇಳ್ತಿದಾರೆ ಅಂದ್ರೆ ಇನ್ನೆಷ್ಟು ಮುಚ್ಚಿಟ್ಟಿದಾರೋ ಅಂದ ಅಣ್ಣಾ. ನಾನು ಬಡ್ಕೊಂಡೆ ನಿಮಗೆ.”

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಲೇಖನ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದೆ. ಕೆಟ್ಟ ಕಾರಿಗೆ ಅಲ್ಲಿನ ಆಡುಮಾತಿನಲ್ಲಿ ‘ಲೆಮನ್’ ಎನ್ನುತ್ತಾರೆ. ಅವರ ವಾದ ಸರಳ. ಯಾವುದು ಒಳ್ಳೆಯ ಕಾರು, ಯಾವುದು ಕೆಟ್ಟದ್ದು ಎಂದು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವರು ಎಲ್ಲಕ್ಕೂ ಸರಾಸರಿ ಬೆಲೆಯನ್ನಷ್ಟೇ ಕೊಡುತ್ತಾರೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರಲು ಒಪ್ಪದೆ ಹಿಂದೆ ಸರಿಯುತ್ತಾರೆ. ಉಳಿದವುಗಳ ಸರಾಸರಿ ಇನ್ನೂ ಕೆಳಗಿಳಿಯುತ್ತದೆ, ಬೆಲೆಯೂ ಇಳಿಯುತ್ತದೆ. ಹೀಗೇ ಮುಂದುವರಿದರೆ ಕೊನೆಗೆ ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟ ಕಾರುಗಳೇ. ಅವರಿಗೆ 2001ರಲ್ಲಿ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಮನೆ ಮುಂದೆ ಕಂಡದ್ದು ಆ ವಾದದ ಮುಂದಿನ ಹೆಜ್ಜೆಯಂತಿತ್ತು. ಸುಮ್ಮನಿರುವುದು ರೂಢಿಯಾದ ಕಡೆ, ನಿಜ ಹೇಳುವವರ ಮಾತೂ ಇನ್ನೊಂದು ಬಗೆಯ ಮರೆಮಾಚುವಿಕೆಯಾಗಿ ಕೇಳಿಸುತ್ತದೆ. ಒಬ್ಬರ ಮೌನ ಒಬ್ಬ ಗಿರಾಕಿಗೆ ಮಾಡುವ ಹಾನಿ ಸಣ್ಣದಿರಬಹುದು. ಸಾವಿರ ಮೌನಗಳು ಸೇರಿ ಮಾತಿನ ಬೆಲೆಯನ್ನೇ ಇಳಿಸುತ್ತವೆ. ಆ ಹುಡುಗನನ್ನು ನಾನು ದೂರುವುದಿಲ್ಲ. ನಮಗಿಂತ ಮೊದಲು ಅವನು ಕಂಡ ಮಾರಾಟಗಾರರು ಅವನಿಗೆ ಅದನ್ನೇ ಕಲಿಸಿದ್ದರು.

ನಾನು ಓದುವ ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಜಾಗವಿದೆ. ಗೌತಮನ ನ್ಯಾಯಸೂತ್ರಗಳಿಗೆ ಸುಮಾರು 1,500 ವರ್ಷಗಳ ಹಿಂದೆ ವಾತ್ಸ್ಯಾಯನ ಭಾಷ್ಯ ಬರೆದ (ಕಾಮಸೂತ್ರದ ವಾತ್ಸ್ಯಾಯನನೆಂದು ತಿಳಿಯಬೇಡಿ). ಯಾರ ಮಾತನ್ನು ಪ್ರಮಾಣವೆಂದು ನಂಬಬಹುದು ಎಂದು ಕೇಳಿ, ಅಂಥವರನ್ನು ‘ಆಪ್ತ’ ಎಂದು ಕರೆಯುತ್ತಾನೆ. ವಿಷಯವನ್ನು ನೇರವಾಗಿ ಕಂಡು ತಿಳಿದಿರುವವನು, ಕಂಡದ್ದನ್ನು ಕಂಡ ಹಾಗೇ ತಿಳಿಸಬೇಕೆಂಬ ಇಚ್ಛೆಯಿಂದ ಮಾತಾಡುವವನು ಆಪ್ತ. ಈ ಲಕ್ಷಣ ಋಷಿಗೂ, ಆರ್ಯನಿಗೂ, ಮ್ಲೇಚ್ಛನಿಗೂ ಸಮಾನ ಎಂದೂ ಅವನು ಹೇಳುತ್ತಾನೆ. ಕುಲ, ಓದು, ಪದವಿ ಯಾವುದನ್ನೂ ಲಕ್ಷಣದಲ್ಲಿ ಸೇರಿಸುವುದಿಲ್ಲ. ಹಾಗೆ ನೋಡಿದರೆ ಸೀಮೆಎಣ್ಣೆಯಲ್ಲಿ ಗೇರು ತೊಳೆದ ಫಿಟ್ಟರ್ ಕೂಡ ಆ ಗೇರಿನ ವಿಷಯದಲ್ಲಿ ಆಪ್ತನೇ.

ಆದರೆ ಆಪ್ತನಾಗಿರುವುದು ಒಂದು, ಆಪ್ತನೆಂದು ಕಾಣಿಸುವುದು ಇನ್ನೊಂದು. ತಿಳಿಸುವ ಇಚ್ಛೆ ಮನಸ್ಸಿನೊಳಗಿನ ಸಂಗತಿ, ಅದೂ ಗೇರ್‌ಬಾಕ್ಸ್‌ನಂತೆ ಮುಚ್ಚಿದ್ದೇ. ಬಂದ ಹುಡುಗ ಮಾವನ ಇಚ್ಛೆಯನ್ನು ಬಿಚ್ಚಿ ನೋಡುವುದು ಹೇಗೆ? ಮೆಕ್ಯಾನಿಕ್ಕುಗಳ ಪದ್ಧತಿಯ ಬೆಲೆ ನನಗೆ ತಿಳಿದದ್ದು ಇಲ್ಲಿ. ಮುಂದಿನ ಗಿರಾಕಿಗೆ ಮಾವ ಬರೀ ಮಾತಿನಲ್ಲಿ ಹೇಳಲಿಲ್ಲ. ಹಳೆಯ ರಿಂಗು ಇಟ್ಟುಕೊಂಡಿದ್ದರು. ಒಂದು ಬಾಟಲಿಯಲ್ಲಿ ಹಿತ್ತಾಳೆ ಮಿನುಗುವ ಆ ಆಯಿಲ್ ಇತ್ತು. ನನ್ನ ಫೋನಿನಲ್ಲಿ ಎರಡು ಹಲ್ಲುಗಳ ಹತ್ತಿರದ ಫೋಟೊಗಳಿದ್ದವು. ಜೆ.ಸಿ. ರಸ್ತೆಯ ಬಿಲ್ಲುಗಳಿದ್ದವು. ಎಲ್ಲವನ್ನೂ ಕಾರಿನ ಬಾನೆಟ್ ಮೇಲೆ ಹರಡಿದರು.

ಬಂದವರು ಕಾಡುಗೋಡಿಯಲ್ಲೇ ಟೈಲರ್ ಅಂಗಡಿ ಇಟ್ಟುಕೊಂಡಿರುವವರು. ಮುಳಬಾಗಿಲ ಕಡೆಯ ಊರು, ತಿಂಗಳಿಗೊಮ್ಮೆ ತಾಯಿಯನ್ನು ನೋಡಲು ಹೋಗಿಬರಲು ಕಾರು ಬೇಕಿತ್ತು. ಜೊತೆಗೆ ತಮ್ಮ ಪರಿಚಯದ ಮೆಕ್ಯಾನಿಕ್ಕನ್ನು ಕರೆತಂದಿದ್ದರು. ಮೆಕ್ಯಾನಿಕ್ ಫೋಟೊವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದ. ಟೈಲರ್ ಕೇಳಿದರು, “ಇನ್ನೆಷ್ಟು ದಿನ ಓಡುತ್ತೆ ಯಜಮಾನ್ರೇ?”

ಮಾವ, “ಗೊತ್ತಿಲ್ಲ. ವರ್ಷಾನೂ ಓಡಬಹುದು, ಐದು ವರ್ಷಾನೂ ಓಡಬಹುದು. ಸದ್ದು ಶುರುವಾದ್ರೆ ಬಿಡಬೇಡಿ, ಮಾಡಿಸಿಬಿಡಿ” ಅಂದರು.

ಆ ‘ಗೊತ್ತಿಲ್ಲ’ ನನಗೆ ಮುಖ್ಯವಾಗಿ ಕಾಣುತ್ತದೆ. ಕಂಡ ಹಾಗೇ ಹೇಳುವುದೆಂದರೆ ಕಂಡಲ್ಲಿಗೆ ನಿಲ್ಲಿಸುವುದೂ ಹೌದು. ಏನೂ ಆಗಲ್ಲ ಹೋಗಿ ಎನ್ನುವುದು ಸುಲಭ, ಇವತ್ತೋ ನಾಳೆಯೋ ಎನ್ನುವುದೂ ಸುಲಭ. ಎರಡೂ ಕಂಡದ್ದನ್ನು ಮೀರಿ ಹೋಗುತ್ತವೆ. ಬೆಲೆ 1,22,000ಕ್ಕೆ ತೀರ್ಮಾನವಾಯಿತು. ಅತ್ತೆಯ ಆಪರೇಷನ್‌ಗೆ ಕಮ್ಮಿಬಿದ್ದ 18 ಸಾವಿರವನ್ನು ಮಾವ ಚೀಟಿಯಲ್ಲಿ ಎತ್ತಿದರು.

ಆ 18 ಸಾವಿರವನ್ನು ಹಗುರವಾಗಿ ದಾಟಿ ಹೋಗಲು ನನಗಿಷ್ಟವಿಲ್ಲ. ನೀತಿಯ ಮಾತು ಹೊಟ್ಟೆ ತುಂಬಿದವರದು ಎಂಬ ಆಕ್ಷೇಪ ನಮ್ಮಲ್ಲಿ ಯಾವಾಗಲೂ ಇದೆ, ಅದರಲ್ಲಿ ನಿಜವೂ ಇದೆ. ಚೀಟಿಯ ಕಂತು ಕಟ್ಟಬೇಕಾದವರು ಮಾವ, ನಾನಲ್ಲ. ಆದರೆ ನಮ್ಮ ಪರಂಪರೆಯಲ್ಲಿ ಈ ಪ್ರಶ್ನೆಗೆ ಅತ್ಯಂತ ನಿಷ್ಠುರವಾಗಿ ಉತ್ತರಿಸಿದವಳು ಹೊಟ್ಟೆ ತುಂಬಿದವಳಾಗಿರಲಿಲ್ಲ. ನೆಲಕ್ಕೆ ಬಿದ್ದ ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಇದ್ದಲ್ಲಿಗೇ ಹಾಕಿ ಬಾ ಎಂದು ಹೆಂಡತಿ ಲಕ್ಕಮ್ಮ ಅವನನ್ನು ಹಿಂದಕ್ಕೆ ಕಳಿಸಿದಳು. ಆ ಕತೆಯನ್ನು ನಾವು ಸಾಮಾನ್ಯವಾಗಿ ಆಸೆಯ ವಿರುದ್ಧದ ಪಾಠವಾಗಿ ಓದುತ್ತೇವೆ. ಈಗ ನನಗೆ ಅದರಲ್ಲಿ ಲೆಕ್ಕದ ಒಂದು ಪ್ರಶ್ನೆ ಕಾಣುತ್ತದೆ. ಈ ಹೆಚ್ಚಿನದು ಯಾರದು? ಮೌನದಿಂದ ಬರಬಹುದಾಗಿದ್ದ 18 ಸಾವಿರ ಮಾವನದೇ ಆಗಿದ್ದು ಅವರು ಅದನ್ನು ಬಿಟ್ಟುಕೊಟ್ಟರೆ ಅದು ತ್ಯಾಗ. ಅದು ಟೈಲರ್ ಅವರದೇ, ಮುಂದೊಂದು ದಿನ ಮುಳಬಾಗಿಲ ದಾರಿಯಲ್ಲಿ ಅವರು ಖರ್ಚು ಮಾಡಬೇಕಾಗಿ ಬರುವ ದುಡ್ಡು ಎಂದಾದರೆ, ಮಾವ ತ್ಯಾಗವನ್ನೇನೂ ಮಾಡಲಿಲ್ಲ, ತಮ್ಮದಲ್ಲದ್ದನ್ನು ತೆಗೆದುಕೊಳ್ಳಲಿಲ್ಲ. ಅವರನ್ನು ದೊಡ್ಡವರೆಂದು ಹೊಗಳಿದರೆ ಮಾವನಿಗೆ ಕಸಿವಿಸಿಯಾಗುವುದು ಇದಕ್ಕೇ ಇರಬೇಕು.

ಒಂದು ಸಂಗತಿ ಮಾತ್ರ ಬಗೆಹರಿಯದೆ ಉಳಿದಿದೆ. ಆರ್.ಸಿ.ಯಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್, ಮಾಲೀಕರ ಹೆಸರು, ಸಾಲದ ವಿವರ ಇವೆಲ್ಲಕ್ಕೂ ಜಾಗವಿದೆ. ಮೂರನೇ ಗೇರಿಗೆ ಜಾಗವಿಲ್ಲ. ಮಾಲೀಕತ್ವ ಕಾಗದದ ಮೇಲೆ ದಾಟುತ್ತದೆ, ಕಾರಿನ ಒಳಗಿನ ಸತ್ಯ ಬಾಯಿಂದ ಬಾಯಿಗೆ ಮಾತ್ರ ದಾಟಬಲ್ಲದು. ಟೈಲರ್ ಆ ಫೋಟೊಗಳನ್ನು ತಮ್ಮ ಫೋನಿಗೆ ಹಾಕಿಸಿಕೊಂಡರು. ಒಂದು ದಿನ ಅವರೂ ಈ ಕಾರನ್ನು ಮಾರುತ್ತಾರೆ. ಆಗ ಅವರು ಗೇರ್‌ಬಾಕ್ಸ್ ಬಿಚ್ಚಿ ನೋಡಿದವರಲ್ಲ, ಬಿಚ್ಚಿದವರಿಂದ ಕೇಳಿದವರು. ನಾವು ಹೇಳಿದ್ದರಿಂದ ಹೊಣೆ ಅವರ ಹೆಗಲಿಗೂ ಬಂದಿದೆ. ಎದುರಿಗೆ ನಿಂತ ಹೊಸಬರು, ತಾವಾಗೇ ಇಷ್ಟು ಹೇಳುತ್ತಿದ್ದಾರಲ್ಲ ಎಂದು ಹುಬ್ಬು ಗಂಟಿಕ್ಕಿದಾಗ, ಅವರು ಫೋನ್ ತೆಗೆದು ಆ ಎರಡು ಹಲ್ಲುಗಳನ್ನು ತೋರಿಸುತ್ತಾರೋ ಇಲ್ಲವೋ, ಅದು ಅವರಿಗೆ ಬಿಟ್ಟದ್ದು.